ಗಾಡಿ ಸಾಕು, ಡ್ರೈವರ್ ಬೇಡವಂತೆ!

ಈಚೆಗೆ ನಮ್ಮ ಕಡೆಯವರಿಗೆ ದ್ವೀಪದ ಹುಚ್ಚು ಹತ್ತಿದೆ. ಮದುವೆಯಾಗಿ ತಿಂಗಳು ತುಂಬುವ ಮೊದಲೇ ಒಬ್ಬ ಬಾಲಿಗೆ ಹಾರುತ್ತಾನೆ. ಇನ್ನೊಬ್ಬಳು ಅಂಡಮಾನಿನ ಕಡಲಲ್ಲಿ ಕಾಲು ನೆನೆಸಿಕೊಂಡ ಫೋಟೊ ಸ್ಟೇಟಸ್ಸಿಗೆ ಹಾಕುತ್ತಾಳೆ. ಅಡಿಕೆಗೆ ರೇಟು ಬಂದ ವರ್ಷವಂತೂ ಮಾಲ್ಡೀವ್ಸಿಗಿಂತ ಕೆಳಗೆ ಯಾರೂ ಮಾತೇ ಆಡುವುದಿಲ್ಲ. ನಮ್ಮ ಕಾಲಕ್ಕೆ ದ್ವೀಪ ಅಂದರೆ ತುಮರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿಯ ಹಿನ್ನೀರು ಏರಿತು, ಆ ಕಡೆಯ ಅಷ್ಟೂ ಊರುಗಳು ದಿಕ್ಕೆಟ್ಟು ನೀರಿನಾಚೆ ಉಳಿದವು. ಸಾಗರ ಪೇಟೆ ದಾಟಿ ಹೊಳೆಬಾಗಿಲಿಗೆ ಹೋಗಿ ಲಾಂಚಿಗೆ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿತೋ, ರಾತ್ರಿ ಈ ದಡದಲ್ಲೇ. ನೋಡಲು ಹೋದವರಿಗೆ ಅದು ರಜೆ, ಅಲ್ಲೇ ಇದ್ದವರಿಗೆ ಸಜೆ. ಇರಲಿ, ಹರಟೆಗೆ ಕೂತವನು ಅಳುಬುರುಕ ಆಗಬಾರದು.

ನನ್ನ ಭಾವಮೈದ ಮಾರಿಷಸ್ಸಿಗೆ ಹೋಗಿ ಬಂದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಕೈತುಂಬ ಸಂಬಳ, ಹೋಗಲಿ ಬಿಡಿ. ಹೋಗಿ ಬಂದವನು ಸಮುದ್ರದ ಬಗ್ಗೆ ಹೇಳಿದ್ದು ಒಂದೇ ಮಾತು: ‘ನೀಲಿ ಇತ್ತು ಭಾವ.’ ಉಳಿದ ಅಷ್ಟೂ ಹೊತ್ತು ಹೇಳಿದ್ದು ಅಲ್ಲಿ ವಿಮಾನ ನಿಲ್ದಾಣದಲ್ಲೇ ಬಾಡಿಗೆಗೆ ಹಿಡಿದ ಕಾರಿನ ಕಥೆ.

ಹೊರಗೆ ಬರುತ್ತಿದ್ದಂತೆ ಸಾಲಾಗಿ ಕೌಂಟರುಗಳಂತೆ. ಲೈಸೆನ್ಸ್ ಕೊಡಿ, ಪಾಸ್‌ಪೋರ್ಟ್ ಕೊಡಿ, ಕ್ರೆಡಿಟ್ ಕಾರ್ಡ್ ಕೊಡಿ. ಡೆಪಾಸಿಟ್ಟು ಎಂದು ಕಾರ್ಡಿನಲ್ಲಿ ಒಂದಿಷ್ಟು ಹಣ ತಡೆಹಿಡಿಯುತ್ತಾರೆ. ಅದು ಖರ್ಚೂ ಆಗಿರುವುದಿಲ್ಲ, ಕೈಗೂ ಸಿಗುವುದಿಲ್ಲ. ವಿಮೆ ಇದೆ, ಆದರೆ ಮೊದಲಿನ ಇಷ್ಟು ನಷ್ಟ ನಿಮ್ಮ ತಲೆ ಮೇಲೆ. ಅದೂ ಬೇಡವೇ, ದಿನಕ್ಕಿಷ್ಟು ಅಂತ ಹೆಚ್ಚಿಗೆ ಕೊಟ್ಟು ಇನ್ನೊಂದು ವಿಮೆ ಮಾಡಿಸಿ. ಅದರಲ್ಲಿ ಟಯರು ಮತ್ತು ಗಾಜು ಸೇರಿಲ್ಲ, ಅದಕ್ಕೆ ಬೇರೆಯದೇ ಉಂಟು. ಹೆಂಡತಿಯೂ ಸ್ಟೇರಿಂಗ್ ಹಿಡಿಯುವುದಾದರೆ ಅದಕ್ಕೊಂದು ಚಾರ್ಜು, ಮಗು ಕೂರಿಸುವ ಸೀಟಿಗೊಂದು ಬಾಡಿಗೆ. ಪೆಟ್ರೋಲು ಫುಲ್ ಟ್ಯಾಂಕ್ ಕೊಡುತ್ತಾರೆ, ಫುಲ್ ಮಾಡಿಯೇ ತಂದು ನಿಲ್ಲಿಸಬೇಕು. ಕಡೆಗೆ ಒಂದು ಹಾಳೆ: ಅದರಲ್ಲಿ ಕಾರಿನ ಚಿತ್ರ, ಎಲ್ಲೆಲ್ಲಿ ಗೀರು ಇದೆಯೋ ಅಲ್ಲಲ್ಲಿ ಇಂಟು ಗುರುತು. ಇವನು ಆ ಹಾಳೆಯನ್ನೂ ನಂಬದೆ, ಮೊಬೈಲ್ ಹಿಡಿದು ಕಾರಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ನೆಲಕ್ಕೆ ಮೊಣಕಾಲೂರಿ ಬಂಪರಿನ ಅಡಿಯ ವಿಡಿಯೊ ಮಾಡಿಕೊಂಡನಂತೆ.

‘ನನ್ನನ್ನ ನೋಡೋಕೆ ಬಂದಾಗ ಮುಖ ಎತ್ತಿ ನೋಡಿರಲಿಲ್ಲ ಅತ್ತಿಗೆ, ಆ ಕಾರಿನ ಅಡಿಗೂ ತಲೆ ಹಾಕಿ ನೋಡಿದ್ರು’ ಎಂದಳು ಅವನ ಹೆಂಡತಿ, ನಮ್ಮ ಮನೆಯವಳ ಹತ್ತಿರ.

ಇಷ್ಟೆಲ್ಲ ಮಾಡಿಕೊಂಡು ಓಡಿಸಿದ್ದಾದರೂ ಎಷ್ಟು? ಆ ದ್ವೀಪದ ತುದಿಯಿಂದ ತುದಿಗೆ ಅಳೆದರೆ ಸುಮಾರು 65 ಕಿಲೋಮೀಟರ್. ಶಿವಮೊಗ್ಗದಿಂದ ಹೊರಟರೆ ಸಾಗರವನ್ನೂ ಮುಟ್ಟುವುದಿಲ್ಲ! ದೇಶದ ವಿಸ್ತೀರ್ಣ ಎರಡು ಸಾವಿರ ಚದರ ಕಿಲೋಮೀಟರಿನ ಆಸುಪಾಸು. ನಮ್ಮ ಶಿವಮೊಗ್ಗ ಜಿಲ್ಲೆಯದು ಎಂಟು ಸಾವಿರದ ಮೇಲೆ. ನಮ್ಮ ಜಿಲ್ಲೆಯೊಳಗೆ ನಾಲ್ಕು ಮಾರಿಷಸ್ ಹಿಡಿಸುತ್ತದೆ ಮಾರಾಯ ಎಂದೆ. ‘ಆದ್ರೆ ಬೀಚ್ ಇಲ್ವಲ್ಲ ಭಾವ’ ಎಂದ. ಇಂಥ ಮಾತಿಗೆಲ್ಲ ಉತ್ತರ ಕೊಡುತ್ತ ಕೂರಬಾರದು.

ಮಾಲ್ಡೀವ್ಸಿನದಂತೂ ಇನ್ನೂ ಚಂದ. ಅಲ್ಲಿಯ ಮುಖ್ಯ ವಿಮಾನ ನಿಲ್ದಾಣ ಇರುವುದೇ ಹುಲುಲೆ ಎಂಬ ಪ್ರತ್ಯೇಕ ದ್ವೀಪದಲ್ಲಿ. ಬಾಗಿಲು ದಾಟಿದರೆ ಎದುರಿಗೇ ದೋಣಿಕಟ್ಟೆ. ರಾಜಧಾನಿ ಮಾಲೆಗೆ ಸೇತುವೆ ಆಗಿದ್ದು 2018ರಲ್ಲಿ. ರೆಸಾರ್ಟ್ ದ್ವೀಪಗಳಿಗೆ ಇವತ್ತಿಗೂ ದೋಣಿ, ಇಲ್ಲವೇ ನೀರ ಮೇಲಿಳಿಯುವ ಪುಟ್ಟ ವಿಮಾನ. ಅಲ್ಲಿಗೆ ಹೊರಟ ನಮ್ಮ ನೆಂಟರೊಬ್ಬರು ಆರ್‌ಟಿಓ ಕಚೇರಿಗೆ ಓಡಾಡಿ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡಿದ್ದರು. ಅದಕ್ಕೆ ಒಂದೇ ವರ್ಷದ ಆಯಸ್ಸು. ಈಗ ಅದು ಅವರ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಸುಖವಾಗಿದೆ.

ಇಷ್ಟರಲ್ಲಿ ನಮ್ಮ ಭಾವಮೈದನಿಗೆ ಊರಿನ ನೆನಪಾಯಿತು. ಜನಶತಾಬ್ದಿ ರೈಲು ಹತ್ತಿ ಬಾರೋ ಅಂದರೆ ಕೇಳಬೇಕಲ್ಲ, ಮಕ್ಕಳಿಗೆ ನಮ್ಮ ಏರ್‌ಪೋರ್ಟ್ ತೋರಿಸಬೇಕಂತೆ. ತೋರಿಸುವಂಥದ್ದೇ ಬಿಡಿ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಸೋಗಾನೆಯಲ್ಲಿ ಕಮಲದಾಕಾರದ ಟರ್ಮಿನಲ್, ಕುವೆಂಪು ಅವರ ಹೆಸರು, 3,200 ಮೀಟರ್ ರನ್‌ವೇ. 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ, ಅದೇ ವರ್ಷದ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ. ಬಂದದ್ದು ಫ್ಯಾನು ತಿರುಗುವ ಎಟಿಆರ್. ಅದಕ್ಕೆ ಆ ರನ್‌ವೇಯ ಅರ್ಧವೂ ಬೇಕಾಗುವುದಿಲ್ಲ. ಉಳಿದರ್ಧ ಮುಂದಿನ ತಲೆಮಾರಿಗೆ ಅಂತ ಇಟ್ಟುಕೊಳ್ಳೋಣ. ಅಡಿಕೆ ತೋಟ ಮಾಡುವವರಿಗೆ ಈ ಲೆಕ್ಕಾಚಾರ ಹೊಸದಲ್ಲ.

ನಮ್ಮೂರಿನ ಟ್ಯಾಕ್ಸಿಯವನನ್ನು ಕರೆದುಕೊಂಡು ನಾನೇ ಹೋಗಿದ್ದೆ. ಭಾವಮೈದ ಹೊರಗೆ ಬಂದವನೇ ಕೇಳಿದ್ದು ಕ್ಷೇಮ ಸಮಾಚಾರವನ್ನಲ್ಲ.

‘ಭಾವ, ಇಲ್ಲಿ ಸೆಲ್ಫ್ ಡ್ರೈವ್ ಸಿಗಲ್ವಾ?’

‘ಗಾಡಿ ತಂದಿದೀನಲ್ಲೋ.’

‘ಗಾಡಿ ಸಾಕು, ಡ್ರೈವರ್ ಬೇಡ.’

ಟ್ಯಾಕ್ಸಿಯವನು ಡಿಕ್ಕಿ ತೆರೆದು ಬ್ಯಾಗು ತುಂಬುತ್ತಿದ್ದ. ಅಲ್ಲಿಂದಲೇ, ‘ನಾನು ಇಳ್ಕೊಂಡು ಬಸ್ಸಿಗೆ ಹೋಗ್ಲಾ ಸಾರ್?’ ಎಂದ. ಅವನ ಮುಖದಲ್ಲಿ ನಗು ಇತ್ತು, ನನ್ನ ಮುಖದಲ್ಲಿರಲಿಲ್ಲ.

ನಮ್ಮ ಕಡೆ ಗಾಡಿ ಮಾಡಿಕೊಂಡು ಹೋಗುವುದೆಂದರೆ ಡ್ರೈವರನನ್ನೂ ಸೇರಿಸಿಯೇ. ಅಂಬಾಸಿಡರ್ ಕಾಲದಿಂದಲೂ ಅದೇ ಪದ್ಧತಿ. ಮುಂದೆ ಮೂವರು, ಹಿಂದೆ ಐವರು, ಅವರ ತೊಡೆ ಮೇಲೆ ಮಕ್ಕಳು, ಡಿಕ್ಕಿಯಲ್ಲಿ ಬಾಳೆಗೊನೆ. ಗೇರು ಹಾಕಬೇಕಾದಾಗಲೆಲ್ಲ ಪಕ್ಕದವರು ಮೊಣಕಾಲು ಸರಿಸಿ ಕೊಡಬೇಕು. ಯಾವ ತಿರುವಿನಲ್ಲಿ ಯಾವ ಅತ್ತೆಗೆ ವಾಂತಿ ಬರುತ್ತದೆ ಎನ್ನುವುದು ಡ್ರೈವರಿಗೆ ಬಾಯಿಪಾಠ. ತಿರುವಿಗೆ ಮುಂಚೆಯೇ ಲಿಂಬೆಹಣ್ಣು ಹಿಂದಕ್ಕೆ ಬರುತ್ತಿತ್ತು. ಮಲೆನಾಡಿನ ಯಾವ ಮದುವೆ ಮನೆಯಲ್ಲಾದರೂ ನೋಡಿ, ಬೀಗರಿಗೆ ಊಟವಾಯಿತೋ ಇಲ್ಲವೋ ಎಂದು ಕೇಳುವುದನ್ನು ಮರೆತಾರು, ‘ಡ್ರೈವರಿಗೆ ಊಟ ಆಯ್ತಾ?’ ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಕೌಂಟರಿನ ಹಾಳೆಯಲ್ಲಿ ಇದಕ್ಕೆಲ್ಲ ಕಾಲಂ ಎಲ್ಲಿದೆ?

ಆದರೂ ಹಟ ಹಿಡಿದ. ಸರಿ, ಹುಡುಕೋಣ ಎಂದು ಹೊರಟರೆ ಪರಿಚಯದವರ ಪರಿಚಯದವರು ಯಾರೋ ಅಗ್ಗದಲ್ಲಿ ಕೊಡುತ್ತೇನೆಂದರು. ನೋಡಿದರೆ ವೈಟ್ ಬೋರ್ಡು. ಅಲ್ಲಿ ನಾನು ಅಡ್ಡ ನಿಂತೆ. ಬಿಳಿ ಫಲಕಕ್ಕೆ ಕಪ್ಪು ಅಕ್ಷರ ಸ್ವಂತದ ಗಾಡಿ; ಹಳದಿಗೆ ಕಪ್ಪು ಅಕ್ಷರ ಟ್ಯಾಕ್ಸಿ; ಕಪ್ಪಿಗೆ ಹಳದಿ ಅಕ್ಷರ ಇದ್ದರೆ ಮಾತ್ರ ನಾವೇ ಓಡಿಸಲು ಬಾಡಿಗೆಗೆ ಕೊಡಬಹುದಾದ ಗಾಡಿ. ಸ್ವಂತದ ಗಾಡಿಯ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಎಲ್ಲೋ ಯಾರಿಗೋ ತಾಗಿತು ಅನ್ನಿ, ಆಗ ಆ ಪರಿಚಯದವರ ಪರಿಚಯದವರಿಗೆ ನಿಮ್ಮ ಪರಿಚಯವೇ ಇರುವುದಿಲ್ಲ. ಇನ್ನು ಕಾನೂನು ಪ್ರಕಾರ ಕಪ್ಪು ಬೋರ್ಡಿನ ವ್ಯವಹಾರ ಮಾಡೋಣವೆಂದರೆ, 1989ರ ರೆಂಟ್ ಎ ಕ್ಯಾಬ್ ಸ್ಕೀಮಿನಲ್ಲಿ ಲೈಸೆನ್ಸಿಗೆ ಕನಿಷ್ಠ 50 ಗಾಡಿ ಇರಬೇಕೆಂದು ಬರೆದಿದ್ದಾರೆ. ದ್ವೀಪಕ್ಕೆ ಜನ ಹಡಗು ತುಂಬಿ ಬರುವ ಕಡೆ ಅದು ನಡೆದೀತು. ನಮ್ಮಂಥ ಊರಿನಲ್ಲಿ 50 ಕಾರು ತೊಳೆದು ನಿಲ್ಲಿಸಿಕೊಂಡು ವಿಮಾನದ ಸದ್ದಿಗೆ ಕಿವಿಗೊಟ್ಟು ಕೂರುವ ಧೈರ್ಯ ಯಾವ ಸಾಹುಕಾರನಿಗಿದೆ?

ಅಂತೂ ಎಲ್ಲಿಂದಲೋ ಕಪ್ಪು ಬೋರ್ಡಿನದೇ ಒಂದನ್ನು ತರಿಸಿದ. ಮತ್ತೆ ಡೆಪಾಸಿಟ್ಟು, ಮತ್ತೆ ಮೂರು ಪ್ರದಕ್ಷಿಣೆ, ಮತ್ತೆ ಬಂಪರಿನ ವಿಡಿಯೊ. ಮಾರನೆಯ ಬೆಳಿಗ್ಗೆ ಮಕ್ಕಳನ್ನು ಕೂರಿಸಿಕೊಂಡು, ಮೊಬೈಲಿನಲ್ಲಿ ಮ್ಯಾಪು ಹಾಕಿ, ತ್ಯಾವರೆಕೊಪ್ಪದ ಹುಲಿ-ಸಿಂಹ ಧಾಮಕ್ಕೆ ಹೊರಟ. ನಾವಿರುವುದೇ ಅದರ ಪಕ್ಕದಲ್ಲಿ, ಸಾಗರ ರಸ್ತೆಯಲ್ಲಿ. ರಾತ್ರಿ ಸಿಂಹ ಗರ್ಜಿಸಿದರೆ ಇಲ್ಲಿಗೆ ಕೇಳುತ್ತದೆ ಎಂದು ನೆಂಟರಿಗೆಲ್ಲ ಹೇಳುವುದುಂಟು. ದಾರಿ ತೋರಿಸಲು ನಾನು ಬಾಯಿ ತೆರೆದರೆ, ‘ಭಾವ, ಮ್ಯಾಪ್ ಇದೆ’ ಎಂದ. ಸರಿಯಪ್ಪ, ಬಾಯಿ ಮುಚ್ಚಿದೆ. ಗೇಟಿಗೆ ಬೀಗ. ಮಂಗಳವಾರ ಧಾಮಕ್ಕೆ ವಾರದ ರಜೆ. ನನಗೆ ಗೊತ್ತಿರಲಿಲ್ಲವೇ ಎಂದು ಕೇಳುತ್ತೀರಾ? ಧಾಮ ಶುರುವಾದದ್ದು 1988ರಲ್ಲಿ, ನಾನು ಅದಕ್ಕೂ ಹಳಬ. ಗೊತ್ತಿತ್ತು. ಕೇಳಲಿಲ್ಲ, ಹೇಳಲಿಲ್ಲ. ಟ್ಯಾಕ್ಸಿಯವನು ಇದ್ದಿದ್ದರೆ ರಾತ್ರಿಯೇ ಫೋನು ಮಾಡಿ, ‘ನಾಳೆ ಅಲ್ಲಿ ಬಾಗ್ಲು ಹಾಕಿರುತ್ತೆ ಸಾರ್, ಬೆಳಿಗ್ಗೆ ಬೇಗ ಹೊರಟರೆ ಸಕ್ರೆಬೈಲಿನಲ್ಲಿ ಆನೆ ಸ್ನಾನ ನೋಡ್ಬೋದು’ ಎನ್ನುತ್ತಿದ್ದ.

ಬುಧವಾರ ಮತ್ತೆ ಹೋದೆವು. ಟಿಕೆಟ್ ಕೊಂಡ ಮೇಲೆ ಭಾವಮೈದ ಕಾರು ಹತ್ತಿ ಸೀಟ್ ಬೆಲ್ಟ್ ಹಾಕಿದ. ಒಳಗೆ ಸ್ವಂತ ಗಾಡಿ ಬಿಡುವುದಿಲ್ಲ, ಧಾಮದವರ ಜಾಲರಿ ಕಿಟಕಿಯ ಬಸ್ಸಿನಲ್ಲೇ ಕೂರಬೇಕು ಎಂದು ಅಲ್ಲಿಯವರು ಹೇಳಿದಾಗ ಅವನ ಮುಖ ನೋಡಬೇಕಿತ್ತು. ಹುಡುಕಿ ತಂದ ಕಾರು ಪಾರ್ಕಿಂಗಿನಲ್ಲಿ ನಿಂತಲ್ಲೇ ಬಾಡಿಗೆ ಏರಿಸಿಕೊಳ್ಳುತ್ತಿತ್ತು. ಅದರ ಯಜಮಾನ ಬಸ್ಸಿನಲ್ಲಿ ನನ್ನ ಪಕ್ಕ. ಸಿಂಹ ಮರದ ನೆರಳಿಗೆ ಬಿದ್ದುಕೊಂಡು ನಮ್ಮ ಕಡೆ ಬೆನ್ನು ಹಾಕಿತ್ತು. ಬಸ್ಸಿನ ಡ್ರೈವರು ಇಂಜಿನ್ ನಿಲ್ಲಿಸಿ, ‘ಸ್ವಲ್ಪ ತಡೀರಿ, ತಿರುಗ್ತಾನೆ’ ಎಂದ. ಮೊದಲು ಬಾಲ ಅಲ್ಲಾಡಿತು. ಆಮೇಲೆ ಒಂದು ಕಿವಿ. ಸಿಂಹ ಎದ್ದು ಕೂತು, ಬಾಯಿ ಅಗಲಿಸಿ ಆಕಳಿಸಿ, ನಮ್ಮನ್ನೆಲ್ಲ ಒಮ್ಮೆ ನೋಡಿತು. ‘ಹೇಳಿದ್ನಲ್ಲ’ ಎಂದು ಡ್ರೈವರು ಗೇರು ಹಾಕಿದ. ನಾನು ಭಾವಮೈದನ ಕಡೆ ತಿರುಗಿದೆ, ಅವನು ಕಿಟಕಿಯ ಕಡೆ ತಿರುಗಿದ.

ಹಿನ್ನೀರಿನಾಚೆ, ಅದೇ ತುಮರಿ ಕಡೆಯ ಸಿಗಂದೂರಿಗೂ ಹೋದೆವು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈ 14ಕ್ಕೆ. ಎರಡು ಕಿಲೋಮೀಟರಿಗಿಂತ ಉದ್ದದ ಕೇಬಲ್ ಸೇತುವೆ ಮೇಲೆ ಕಾರು ಮೂರ್ನಾಲ್ಕು ನಿಮಿಷದಲ್ಲಿ ಆಚೆ ದಡ ಸೇರಿತು. ‘ಮಾಮ, ದ್ವೀಪ ಎಲ್ಲಿ?’ ಎಂದಿತು ಮಗು. ಅದರೊಳಗೇ ಇದ್ದೀವಿ ಪುಟ್ಟಿ ಎಂದೆ. ನಂಬಲಿಲ್ಲ. ಮುದುಕಿಯೊಬ್ಬರನ್ನು ರಾತ್ರಿ ಆಸ್ಪತ್ರೆಗೆ ಸಾಗಿಸಬೇಕಾದವರು ಲಾಂಚಿಲ್ಲದ ದಡದಲ್ಲಿ ಹೇಗೆ ನಿಂತಿರುತ್ತಿದ್ದರು ಎಂದು ಅದಕ್ಕೆ ಹೇಗೆ ಹೇಳುವುದು? ಸೇತುವೆ ಬಂದದ್ದು ಒಳ್ಳೆಯದೇ ಆಯಿತು.

ವಾಪಸು ಕೊಡುವ ದಿನ ಕಾರಿನ ತುಂಬ ಮಲೆನಾಡಿನ ಕೆಂಪು ರಾಡಿ. ತೊಳೆದ ಮೇಲೆ ಎಡಬಾಗಿಲ ಮೇಲೆ ಲಂಟಾನದ ಮುಳ್ಳು ಎಳೆದ ಉದ್ದ ಗೀರು ಕಂಡಿತು. ವಿಡಿಯೊ ತೆರೆದು ನೋಡಿದರೆ ಬಂಪರಿನ ಅಡಿ ಸ್ಪಷ್ಟವಾಗಿದೆ, ಬಾಗಿಲ ಭಾಗದಲ್ಲಿ ಕ್ಯಾಮೆರಾ ಆಕಾಶ ನೋಡುತ್ತಿದೆ. ಡೆಪಾಸಿಟ್ಟು ಪೂರ್ತಿ ಬರಲಿಲ್ಲ.

ಹಾಗೆಂದು ಸ್ವತಃ ಓಡಿಸುವವರನ್ನು ನಾನು ಬೈಯುವುದಿಲ್ಲ. ಆದರೆ ಅಷ್ಟು ಹೆಸರಾದ ಬಾಲಿಯಲ್ಲೂ ಬಹಳ ಜನ ಗಾಡಿಯನ್ನು ಡ್ರೈವರ್ ಸಮೇತವೇ ಗೊತ್ತು ಮಾಡಿಕೊಳ್ಳುತ್ತಾರೆ ಎನ್ನುವುದನ್ನು ಭಾವಮೈದನಿಗೆ ಹೇಳಿದ್ದೇನೆ. ನಿಮಗೂ ಅಷ್ಟೇ: ನೀವೇ ಓಡಿಸಬೇಕಿದ್ದರೆ ಕಪ್ಪು ಬೋರ್ಡು, ಹಳದಿ ಅಕ್ಷರ ನೋಡಿಯೇ ಕೀ ತಗೊಳ್ಳಿ. ಇಲ್ಲವಾದರೆ ಟ್ಯಾಕ್ಸಿಯವನಿಗೆ ಹಿಂದಿನ ದಿನವೇ ಫೋನ್ ಮಾಡಿ, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಹಿಡಿಯುತ್ತಾನೆ, ಬೇಟಾ ಎಷ್ಟು, ಟೋಲು ಯಾರದು ಎಂದು ಬಾಯಿಬಿಟ್ಟು ಕೇಳಿಕೊಳ್ಳಿ. ಊಟದ ಹೊತ್ತಿಗೆ ಅವನಿಗೂ ಒಂದು ಎಲೆ ಹಾಕಿಸಿ.