ಶ್ರೀ ಸ್ಟೀಲ್ ರೇಲಿಂಗ್ ಅವರ ಸನ್ನಿಧಾನಕ್ಕೆ

ಮುಂಬಯಿ ಬಳಿಯ ಕಳವಾ ಪಶ್ಚಿಮದ ಸಾರ್ವಜನಿಕ ಕಟ್ಟಡವೊಂದರ ಮೆಟ್ಟಿಲ ಬದಿಯಲ್ಲಿ ಬಿಜಯಂಗೈದಿರುವ ಶ್ರೀ ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗ್ ಅವರಿಗೆ ಸಾಷ್ಟಾಂಗ ನಮಸ್ಕಾರಗಳು.

ಇತ್ತ ಎಲ್ಲರೂ ಕ್ಷೇಮವೆಂದು ಬರೆಯುವುದು ವಾಡಿಕೆ. ನಮ್ಮಲ್ಲಿ ಅರ್ಧ ಜನಕ್ಕೆ ನೆಗಡಿ, ಉಳಿದವರಿಗೆ ಹೊಟ್ಟೆ ಕೆಟ್ಟಿರುವುದರಿಂದ ಆ ಸಾಲು ಬಿಟ್ಟಿದ್ದೇನೆ. ತಮ್ಮ ಮೈಮೇಲೆ ಬೀಡುಬಿಟ್ಟವರೆಲ್ಲ ಕ್ಷೇಮವೆಂದು ನಂಬಿದ್ದೇನೆ.

ತಮ್ಮ ಆತಿಥ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ಸ್ಲೋ ಲೋಕಲ್ ರೈಲಿನ ಬಾಗಿಲ ಕಂಬಕ್ಕೆ ಜೋತುಬಿದ್ದು ಬಂದ ಕೈ, ಮೂಗೊರೆಸಿಕೊಂಡ ಕೈ, ವಡಾಪಾವ್ ಎಣ್ಣೆಯ ಕೈ, ಯಾವುದಕ್ಕೂ ತಾವು ಇಲ್ಲವೆಂದಿಲ್ಲ. 2020ರಲ್ಲಿ ಪ್ರಯೋಗಾಲಯದಲ್ಲಿ ನೋಡಿದಾಗ ಕೊರೊನಾ ವೈರಾಣು ತಾಮ್ರದ ಮೇಲೆ ನಾಲ್ಕು ಗಂಟೆ ದಾಟಲಿಲ್ಲ. ತಾವೋ ಎರಡು ಮೂರು ದಿನ ಇಟ್ಟುಕೊಂಡು ಉಪಚರಿಸಿದಿರಿ. ಮನೆಯ ಅಳಿಯನಿಗೂ ಈಗ ಇಷ್ಟು ನಡೆಯುವುದಿಲ್ಲ.

ತಮಗಿಂತ ಮುಂಚೆ ಹಿತ್ತಾಳೆ ಎಂಬ ಒಬ್ಬ ಹಳಬನಿದ್ದ. ಹುಣಸೆಹಣ್ಣು ಹಚ್ಚಿ ತಿಕ್ಕದಿದ್ದರೆ ಮುಖ ಕಪ್ಪಿಡುತ್ತಿದ್ದ. ತಾವು ಬಂದಿರಿ, ಅವನು ಗುಜರಿಗೆ ಹೋದ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಫಿಲಿಸ್ ಕೂನ್ ಎಂಬವರು ಆಸ್ಪತ್ರೆಯ ಬಾಗಿಲ ಹಿಡಿಗಳನ್ನು ಪರೀಕ್ಷಿಸಿ 1983ರಲ್ಲಿ ಬರೆದರು: ಹಿತ್ತಾಳೆಯ ಮೇಲೆ ರೋಗಾಣು ವಿರಳ, ಥಳಥಳಿಸುವ ಸ್ಟೀಲಿನ ಮೇಲೆ ಸಮೃದ್ಧ. ಹಿತ್ತಾಳೆಯಂಥ ತಾಮ್ರದ ಮಿಶ್ರಲೋಹಗಳು ಎರಡು ಗಂಟೆಯಲ್ಲಿ ಶೇ. 99.9ರಷ್ಟು ಬ್ಯಾಕ್ಟೀರಿಯಾ ಕೊಲ್ಲುತ್ತವೆಂದು ಹೇಳಿಕೊಳ್ಳಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ಒಪ್ಪಿಗೆ ಕೊಟ್ಟಿತು. ತಾಮ್ರದ ಅಯಾನುಗಳು ರೋಗಾಣುವಿನ ಪೊರೆಯನ್ನೇ ಹರಿಯುತ್ತವೆ. ತಾವು ಅಹಿಂಸಾವಾದಿಗಳು, ಅಂಥ ಕೆಲಸಕ್ಕೆ ಕೈಹಾಕಿದವರಲ್ಲ.

ಈಚೆಗೆ ತಮಗೆ ‘ಆಂಟಿಮೈಕ್ರೋಬಿಯಲ್’ ಲೇಪನದ ಶಾಲು ಹೊದಿಸಿ ಸನ್ಮಾನಿಸಿದ್ದಾರೆ. ಅಭಿನಂದನೆಗಳು! ಇಂಥ ಲೇಪನಗಳನ್ನು ಅಳೆಯುವ ಐಎಸ್‌ಒ 22196 ಪರೀಕ್ಷೆಯಲ್ಲಿ ರೋಗಾಣುಗಳ ಹನಿಯಿಟ್ಟು, ಮೇಲೆ ಹಾಳೆ ಮುಚ್ಚಿ, ಸುಮಾರು 35 ಡಿಗ್ರಿ ಶಾಖ, ಶೇ. 90ರ ತೇವದಲ್ಲಿ 24 ಗಂಟೆ ಕಾಯುತ್ತಾರೆ. ತೇವಕ್ಕೆ ಚಿಂತೆಯಿಲ್ಲ, ಜುಲೈ ತಿಂಗಳಲ್ಲಿ ಕಳವಾ ಅದನ್ನು ಪುಕ್ಕಟೆ ಒದಗಿಸುತ್ತದೆ. ಇಪ್ಪತ್ತನಾಲ್ಕು ಗಂಟೆ ಯಾರೂ ತಮ್ಮನ್ನು ಮುಟ್ಟಬಾರದು, ಅಷ್ಟೇ. ಬೆಳಗಿನ ಎಂಟೂವರೆಯ ಜನಕ್ಕೆ ಇದನ್ನು ತಾವೇ ತಿಳಿಸಿ ಹೇಳಬೇಕಾಗಿ ಪ್ರಾರ್ಥನೆ.

ಹಿತ್ತಾಳೆ ಹಾಕಿದರೆ ರಾತ್ರೋರಾತ್ರಿ ಬಿಚ್ಚಿಕೊಂಡು ಹೋಗುತ್ತಾರೆ ಎನ್ನುತ್ತಾರೆ. ಸುಳ್ಳಲ್ಲ. ಎಣ್ಣೆಜಿಡ್ಡು ಕೂತರೆ ತಾಮ್ರವೂ ಮಂಕೇ, ಅದನ್ನೂ ಒರೆಸಲೇಬೇಕು. ಆದರೂ ದಿನವಿಡೀ ಸಾವಿರ ಕೈ ಬೀಳುವ ಕಡೆ, ಬಾಗಿಲ ಹಿಡಿಗೆ, ರೋಗಿಯ ಮಂಚದ ಕಂಬಿಗೆ, ನಲ್ಲಿಯ ತಲೆಗೆ, ಆ ಹಳಬನನ್ನು ಕರೆಸಿಕೊಳ್ಳಬಹುದಿತ್ತು.

ತಮ್ಮ ಘನತೆಗೆ ಕುಂದಿಲ್ಲವೆಂದಾದರೆ, ದಿನಕ್ಕೊಮ್ಮೆ ಸೋಪುನೀರಿನ ಬಟ್ಟೆಯೊಂದು ತಮ್ಮ ಮೈಮೇಲೆ ಹಾಯಲು ಅಪ್ಪಣೆ ಕೊಡಿಸಿ. ಅದರ ಟೆಂಡರ್ ಅನ್ನು ಬೇಗ ಕರೆಯಲಿ.

ಇತಿ ತಮ್ಮ ವಿಧೇಯ,
ಕೈ ತೊಳೆಯಲು ನೀರಿರುವ ನಲ್ಲಿ ಹುಡುಕುತ್ತಿರುವ ಕಳವಾನಿವಾಸಿ