ದುಬೈ ಬತ್ತಿಗೆ ದೊಡ್ಡಮ್ಮನ ಪರೀಕ್ಷೆ

ಮಂಗಳೂರಿನಲ್ಲಿ ಯಾವ ವಿಷಯವಾದರೂ ಎರಡು ಪಕ್ಷ ಆಗದೆ ಇರುವುದಿಲ್ಲ. ಬಂಗುಡೆ ಗಸಿಗೆ ಹುಣಸೆಹುಳಿಯೋ ಬಿಂಬುಳಿಯೋ, ಕೋರಿರೊಟ್ಟಿ ಸಾರಿನಲ್ಲಿ ಮೆತ್ತಗಾಗುವ ತನಕ ಕಾಯಬೇಕೋ ಕರುಕುರು ಇರುವಾಗಲೇ ತಿನ್ನಬೇಕೋ ಎಂದು ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹತ್ತುವಾಗ ಶುರುವಾದ ವಾದ ಸುರತ್ಕಲ್ ಬಂದರೂ ಮುಗಿಯುವುದಿಲ್ಲ. ಆ ಸಾಲಿಗೆ ಈಗ ಹೊಸದೊಂದು ಸೇರಿಕೊಂಡಿದೆ. ವೇಪಿಗೆ ಹಾಕುವ ಬತ್ತಿ ಹತ್ತಿಯದ್ದಾದರೆ ಒಳ್ಳೆಯದೋ, ರೇಯಾನಿನದ್ದಾದರೆ ಒಳ್ಳೆಯದೋ?

ವೇಪು ಎಂದರೆ ಏನೆಂದು ಗೊತ್ತಿಲ್ಲದ ಪುಣ್ಯವಂತರು ಇನ್ನೂ ಇದ್ದಾರೆ, ಅವರಿಗಾಗಿ ಎರಡು ಮಾತು. ಅದೊಂದು ಬ್ಯಾಟರಿಯ ಕೊಳವೆ. ಒಳಗೆ ಸುರುಳಿ ಸುತ್ತಿದ ಸಣ್ಣ ತಂತಿ, ತಂತಿಯ ನಡುವೆ ಒಂದು ಬತ್ತಿ, ಬತ್ತಿಯ ಎರಡೂ ತುದಿ ಒಂದು ದ್ರವದಲ್ಲಿ. ಗುಂಡಿ ಒತ್ತಿದರೆ ತಂತಿ ಕಾಯುತ್ತದೆ, ಬತ್ತಿ ಹೀರಿಕೊಂಡ ದ್ರವ ಆವಿಯಾಗುತ್ತದೆ, ಆ ಆವಿಯನ್ನು ಬಾಯಲ್ಲಿ ಎಳೆದು ಮೂಗಿನಲ್ಲಿ ಬಿಡುವುದು. ಇವತ್ತು ಕಾಣುವ ಮಾದರಿಯನ್ನು 2003ರ ಸುಮಾರಿಗೆ ರೂಪಿಸಿದವರು ಹೊನ್ ಲಿಕ್ ಎಂಬ ಚೀನಾದ ಔಷಧ ತಜ್ಞರು. ದ್ರವದಲ್ಲಿ ಇರುವುದು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಮಾವಿನಹಣ್ಣಿನದ್ದೋ ಪುದೀನದ್ದೋ ಪರಿಮಳ, ಹೆಚ್ಚಿನವುಗಳಲ್ಲಿ ನಿಕೊಟಿನ್. ಬೆಂಕಿ ಇಲ್ಲ, ಬೂದಿ ಇಲ್ಲ, ಆದ್ದರಿಂದ ದೋಷವೂ ಇಲ್ಲ ಎಂದು ಎಳೆಯುವವರ ಲೆಕ್ಕ. ಆ ಲೆಕ್ಕಕ್ಕೆ ಸಹಿ ಹಾಕಲು ಯಾವ ಡಾಕ್ಟರೂ ತಯಾರಿಲ್ಲ, ಅದು ಬೇರೆ ಮಾತು.

ನನ್ನ ಅಕ್ಕನ ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಇದಕ್ಕೆಲ್ಲ ಪರವಾನಗಿ ಉಂಟು. 2019ರಲ್ಲಿ ಅಲ್ಲಿನ ಸರಕಾರ ಬಾಗಿಲು ತೆರೆಯಿತು, ಅದೇ ವರ್ಷ ನಮ್ಮ ಸರಕಾರ ಬಾಗಿಲು ಹಾಕಿತು. ನಮ್ಮ ರಾಜ್ಯದವರು ಅದಕ್ಕೂ ಮೊದಲೇ, 2016ರಲ್ಲೇ, ಬೇಡ ಎಂದಿದ್ದರು. ಹಾಗಾಗಿ ರಜೆಯಲ್ಲಿ ಬರುವಾಗ ಅವನು ಮಿಷನ್ನನ್ನು ಅಲ್ಲಿಯೇ ಬಿಟ್ಟು ಬರುತ್ತಾನೆ. ಆದರೆ ಈ ಸಲ ಚೀಲದ ಮೂಲೆಯಲ್ಲಿ ಒಂದು ಪೊಟ್ಟಣ ಉಳಿದುಬಿಟ್ಟಿತ್ತು. ಬೆಳ್ಳಗೆ, ನುಣ್ಣಗೆ, ಹಗ್ಗದ ಹಾಗೆ ಸುತ್ತಿದ ರೇಯಾನ್.

“ಇದೆಂತ ಮಾರಾಯ, ಗಾಯಕ್ಕೆ ಕಟ್ಟುವುದಾ?” ಎಂದೆ.

“ಮಾವ, ಇದು ಬತ್ತಿ. ಹತ್ತಿಯೆಲ್ಲ ಹಳೇ ಕಾಲದ್ದು. ಹತ್ತಿ ಹಾಕಿದರೆ ಮೊದಲ ಒಂದೆರಡು ಗಂಟೆ ಬಾಯಲ್ಲಿ ಹತ್ತಿಯದ್ದೇ ರುಚಿ. ಇದಕ್ಕೆ ಆ ಗೋಳೇ ಇಲ್ಲ, ಜ್ಯೂಸಿನ ರುಚಿ ಸರಿಯಾಗಿ ಬರ್ತದೆ.”

ಹತ್ತಿಯ ರುಚಿ ಹೇಗಿರುತ್ತದೆ ಎಂದು ತಿಳಿದ ಮೊದಲ ಮನುಷ್ಯ ನಮ್ಮ ಕುಟುಂಬದಲ್ಲಿ ಇವನೇ. ಇರಲಿ. ಆಮೇಲೆ ಅರ್ಧ ಗಂಟೆ ಪಾಠವಾಯಿತು. ಮೊದಮೊದಲು ಸಿಲಿಕಾ ಎಂಬ ಗಾಜಿನ ಜಾತಿಯ ನೂಲನ್ನು ಹಾಕುತ್ತಿದ್ದರಂತೆ. ಆಮೇಲೆ ಹತ್ತಿ ಬಂತು, ಅದರಲ್ಲೂ ಜಪಾನಿನ ಸಾವಯವ ಹತ್ತಿಗೆ ಮಹಾ ಮರ್ಯಾದೆ. ರೇಯಾನ್ ಎಲ್ಲಿಂದ ಬಂತು ಗೊತ್ತುಂಟಾ? ಅಮೆರಿಕದ ಬ್ಯೂಟಿ ಪಾರ್ಲರಿನಿಂದ. ಕೂದಲು ಗುಂಗುರು ಮಾಡುವಾಗ ಹಚ್ಚುವ ಔಷಧಿ ಹಣೆಗೆ, ಕಣ್ಣಿಗೆ ಇಳಿಯದ ಹಾಗೆ ತಲೆಯ ಸುತ್ತ ಇಡುವ ಪಟ್ಟಿ ಅದು. ಯಾರೋ ಬುದ್ಧಿವಂತ ಅದನ್ನು ಕತ್ತರಿಸಿ ವೇಪಿಗೆ ತುರುಕಿ ನೋಡಿದ, ಚೆನ್ನಾಗಿ ಹೀರಿತು, ಅಲ್ಲಿಗೆ ಹತ್ತಿಯ ಪಕ್ಷ, ರೇಯಾನಿನ ಪಕ್ಷ ಎಂದು ಲೋಕ ಎರಡಾಯಿತು. ಇವರ ನಡುವೆ ಯಾರು ಬತ್ತಿ ಇಟ್ಟರೋ ಗೊತ್ತಿಲ್ಲ, ಇನ್ನೂ ಆರಿಲ್ಲ.

ಎರಡಕ್ಕೂ ಶಾಸ್ತ್ರ ಬೇರೆ ಬೇರೆ. ಹತ್ತಿಯನ್ನು ಸುರುಳಿಯೊಳಗೆ ಸಡಿಲವಾಗಿ ಎಳೆಯಬೇಕು, ನೆನೆದ ಮೇಲೆ ಅದು ಉಬ್ಬಿ ತಾನೇ ಜಾಗ ತುಂಬಿಕೊಳ್ಳುತ್ತದೆ. ರೇಯಾನ್ ಹಾಗಲ್ಲ. ನೆನೆದರೆ ಅದು ಕುಗ್ಗಿದಂತಾಗಿ ಮೆತ್ತಗಾಗುತ್ತದೆ, ಅದಕ್ಕೆ ಒಣಗಿರುವಾಗಲೇ ಬಿಗಿಯಾಗಿ ತುಂಬಿಸಬೇಕು. ಹತ್ತಿಯ ಕೈಯಲ್ಲಿ ರೇಯಾನ್ ತುಂಬಿಸಿದವನಿಗೆ ಒಣ ಬತ್ತಿ ಸುಟ್ಟ ಹೊಗೆ ಗಂಟಲಿಗೆ ಹೊಡೆಯುತ್ತದೆ. ಅದನ್ನು ಅವರು ‘ಡ್ರೈ ಹಿಟ್’ ಎನ್ನುತ್ತಾರೆ. ನಮ್ಮ ಅಳಿಯ ಅದನ್ನು ವರ್ಣಿಸುವಾಗ ಮುಖ ಮಾಡಿದ ರೀತಿ ನೋಡಿದರೆ ಚಿಮಿಣಿ ದೀಪ ನುಂಗಿದವನ ಹಾಗಿತ್ತು.

ಇಷ್ಟು ಹೊತ್ತು ಜಗಲಿಯ ಆ ಬದಿಯಲ್ಲಿ ದೊಡ್ಡಮ್ಮ ಕೂತಿದ್ದರು. ಕಾರ್ತಿಕ ಮಾಸ, ದೇವಸ್ಥಾನದ ಲಕ್ಷದೀಪೋತ್ಸವಕ್ಕೆ ಹೂಬತ್ತಿ ಮಾಡಿಕೊಡುತ್ತೇನೆಂದು ಒಪ್ಪಿಕೊಂಡವರು, ಮಡಿಲಲ್ಲಿ ಹತ್ತಿ, ಪಕ್ಕದಲ್ಲಿ ತಟ್ಟೆಯಲ್ಲಿ ಚೂರು ವಿಭೂತಿ. ಬತ್ತಿ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಕೈ ಚಾಚಿದರು.

“ಇಲ್ಲಿ ಕೊಡು ಮಗಾ, ನಿನ್ನ ದುಬೈ ಬತ್ತಿ ನೋಡುವ.”

ಬೆರಳಿಗೆ ವಿಭೂತಿ ಮುಟ್ಟಿಸಿ, ರೇಯಾನಿನ ಒಂದು ಎಸಳು ಕಿತ್ತು ಅಂಗೈಯಲ್ಲಿ ಹೊಸೆದರು. ಹೊಸೆದದ್ದು ಕೈ ತೆಗೆದ ಕೂಡಲೇ ಬಿಚ್ಚಿಕೊಂಡಿತು. ಮತ್ತೆ ಹೊಸೆದರು, ಮತ್ತೆ ಬಿಚ್ಚಿತು. “ಇದಕ್ಕೆ ಹಿಡಿತವೇ ಇಲ್ಲ, ಜಾರ್ತದೆ” ಎಂದರು. ದೊಡ್ಡಮ್ಮನ ಅಂಗೈ ಹೇಳಿದ್ದರಲ್ಲಿ ತಪ್ಪಿಲ್ಲ. ಕಾಯಿ ಒಡೆದು ಒಣಗುವಾಗ ಹತ್ತಿಯ ಎಳೆ ಚಪ್ಪಟೆಯಾಗಿ ತನ್ನಷ್ಟಕ್ಕೇ ತಿರುಚಿಕೊಳ್ಳುತ್ತದೆ. ಆ ತಿರುಚುಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ನಿಲ್ಲುವುದರಿಂದಲೇ ಹತ್ತಿ ನೂಲಾಗುತ್ತದೆ, ಬತ್ತಿಯಾಗುತ್ತದೆ. ರೇಯಾನ್ ಕಾರ್ಖಾನೆಯ ಸಣ್ಣ ತೂತಿನಿಂದ ಶ್ಯಾವಿಗೆಯಂತೆ ಇಳಿದು ಬಂದದ್ದು, ಅದರ ಮೈಯಲ್ಲಿ ಅಂಥ ತಿರುಚು ಎಲ್ಲಿಂದ ಬರಬೇಕು?

ಕೊನೆಗೆ ಹೇಗೋ ಒಂದು ಬತ್ತಿಯಂಥದ್ದು ಮಾಡಿ, ಎಣ್ಣೆಯಲ್ಲಿ ಅದ್ದಿ, ಹಣತೆಯಲ್ಲಿ ಇಟ್ಟು ಕಡ್ಡಿ ಗೀರಿದರು. ಸತ್ಯ ಹೇಳಬೇಕು, ಉರಿಯಿತು. ಅಳಿಯನ ಮುಖ ಅರಳಿತು. ದೊಡ್ಡಮ್ಮ ಮಾತ್ರ, “ಉರೀತದೆ ಮಗಾ, ನಿಲ್ಲುವುದಿಲ್ಲ” ಎಂದರು. ಹೂಬತ್ತಿಯ ತುದಿ ನೆಟ್ಟಗೆ ನಿಂತಿರಬೇಕು. ಇದು ಮಳೆಗೆ ಸಿಕ್ಕಿದ ಗಾಳಿಪಟದ ಬಾಲದ ಹಾಗೆ ಬಾಗಿ ಎಣ್ಣೆಗೇ ಬಿತ್ತು.

ಸೋಲೊಪ್ಪುವ ಜಾತಿಯೇ ನಮ್ಮವನು? ಒಂದು ಲೋಟ ನೀರು ತಂದಿಟ್ಟು, “ಅಜ್ಜೀ, ನಿಮ್ಮ ಹತ್ತಿ ಒಮ್ಮೆ ಇದಕ್ಕೆ ಹಾಕಿ” ಎಂದ. ಹಾಕಿದರು. ತೇಲಿತು. ಬೆರಳಲ್ಲಿ ಒತ್ತಿದರೂ ಮೇಲೆ ಬಂತು. ರೇಯಾನಿನ ಚೂರು ಹಾಕಿದ, ಕಣ್ಣು ಮಿಟುಕಿಸುವುದರೊಳಗೆ ತಳ ಸೇರಿತು. “ನೋಡಿ, ನಿಮ್ಮ ಹತ್ತಿ ನೀರೇ ಕುಡಿಯುವುದಿಲ್ಲ, ನನ್ನ ಜ್ಯೂಸು ಎಲ್ಲಿ ಕುಡೀತದೆ!”

ಇದರಲ್ಲೂ ಹುಳುಕಿಲ್ಲ. ಕಾಯಿಯಿಂದ ಬಿಡಿಸಿದ ಹಸಿ ಹತ್ತಿಯ ಮೈಗೆ ತೆಳುವಾದ ಮೇಣದ ಲೇಪ ಇರುತ್ತದೆ. ಮೇಣಕ್ಕೆ ಎಣ್ಣೆಯೆಂದರೆ ಪ್ರೀತಿ, ನೀರೆಂದರೆ ಹಗೆ. ಅದಕ್ಕೇ ದೇವರ ದೀಪಕ್ಕೆ ಅದು ಹೇಳಿ ಮಾಡಿಸಿದ್ದು. ಔಷಧಿ ಅಂಗಡಿಯ ಹತ್ತಿಯನ್ನು ಕ್ಷಾರದಲ್ಲಿ ಕುದಿಸಿ ಬಿಳುಪು ಮಾಡಿ ಆ ಮೇಣ ತೆಗೆದಿರುತ್ತಾರೆ. ನೀರಿಗೆ ಹಾಕಿದರೆ ಅದು ಹತ್ತು ಸೆಕೆಂಡಿನೊಳಗೆ ಮುಳುಗಬೇಕು, ಅದೇ ಅದಕ್ಕೆ ಪರೀಕ್ಷೆ. ವೇಪಿನ ದ್ರವ ನೀರಿನ ಕಡೆಯದ್ದು, ಎಣ್ಣೆಯ ಕಡೆಯದ್ದಲ್ಲ. ಆದ್ದರಿಂದ ಅದಕ್ಕೆ ಔಷಧಿ ಅಂಗಡಿಯ ಹತ್ತಿಯೋ ಜಪಾನಿನ ಹತ್ತಿಯೋ ಆದೀತು, ದೊಡ್ಡಮ್ಮನ ಮಡಿಲಿನದ್ದು ಆಗದು. ಇನ್ನು ನಮ್ಮ ತೋಟದ ಬದಿಯ ಬೂರುಗದ ಹತ್ತಿ ತುಂಬಿಸಿದರಂತೂ ದ್ರವ ಹತ್ತಿರವೂ ಸುಳಿಯದು. ಅದು ಬೋಟಿನವರ ಲೈಫ್ ಜಾಕೆಟ್ಟಿಗೆ ತುಂಬಿಸುತ್ತಿದ್ದ ವಸ್ತು.

ಇಷ್ಟೆಲ್ಲ ಜಗಳ ಆಡುವ ಈ ಎರಡರ ಜಾತಕ ನೋಡಿದರೆ ನಗು ಬರುತ್ತದೆ. ಹತ್ತಿ ಎಂದರೆ ಹೆಚ್ಚುಕಡಿಮೆ ಪೂರ್ತಿ ಸೆಲ್ಯುಲೋಸ್. ರೇಯಾನ್ ಎಂದರೂ ಸೆಲ್ಯುಲೋಸೇ. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ಕಂಡುಹಿಡಿದ ದಾರಿ ಇದು: ಮರದ ತಿರುಳನ್ನು ಕಾಸ್ಟಿಕ್ ಸೋಡದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಎಂಬ ವಿಷದ್ರವ ಬೆರೆಸಿ ಪಾಕ ಮಾಡಿ, ತೂತಿನಲ್ಲಿ ಹಾಯಿಸಿ ಆಮ್ಲದಲ್ಲಿ ಮತ್ತೆ ಗಟ್ಟಿ ಮಾಡುವುದು. ಕೊನೆಗೆ ಕೈಗೆ ಸಿಗುವುದು ಗಿಡ ಪುಕ್ಕಟೆಯಾಗಿ ಮಾಡಿಕೊಡುವ ಅದೇ ವಸ್ತು, ಒದ್ದೆಯಾದರೆ ಅರ್ಧ ಬಲ ಕಳೆದುಕೊಳ್ಳುವಂಥದ್ದು. ಸಿಗರೇಟಿನ ಹಿಂಬದಿಯ ಫಿಲ್ಟರ್ ಇದೆಯಲ್ಲ, ಸೆಲ್ಯುಲೋಸ್ ಅಸಿಟೇಟ್, ಅದೂ ಇದೇ ಮನೆತನದ್ದು. ಹೊಗೆ ಎಳೆಯುವವರು ಎತ್ತ ತಿರುಗಿದರೂ ಈ ಕುಟುಂಬದ ಕೈಗೇ ಸಿಕ್ಕಿಬೀಳುತ್ತಾರೆ.

ಊರು ಹುಡುಕಿದರೂ ಇದೇ ಕತೆ. ನಮ್ಮ ಕರಾವಳಿಯ ಮಳೆಗೆ ಹತ್ತಿ ಬೆಳೆಯದು, ದೀಪದ ಹತ್ತಿಯೂ ಘಟ್ಟದ ಮೇಲಿನಿಂದಲೇ ಇಳಿಯಬೇಕು. ಧಾರವಾಡದಲ್ಲಿ ಕಟರಕಿ ಎಂಬ ವಿಜ್ಞಾನಿ 1972ರಲ್ಲಿ ಹೊರತಂದ ಹತ್ತಿಯ ಹೈಬ್ರಿಡ್ ತಳಿಗೆ ವರಲಕ್ಷ್ಮಿ ಎಂದೇ ಹೆಸರು, ಆಮೇಲಿನದ್ದು ಜಯಲಕ್ಷ್ಮಿ. ದೀಪ ಹಚ್ಚಲು ಇನ್ನೆಂಥ ಹೆಸರು ಬೇಕು ಹೇಳಿ. ರಾಣೆಬೆನ್ನೂರಿನ ಸುತ್ತ ಹತ್ತಿಯೂ ಉಂಟು, ಅದೇ ತಾಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಡದಲ್ಲಿ ಮರದಿಂದ ರೇಯಾನಿನ ತಿರುಳು ತೆಗೆಯುವ ಹರಿಹರ ಪಾಲಿಫೈಬರ್ಸ್ ಕೂಡ ಉಂಟು. ಒಂದೇ ಸೀಮೆಯ ಹೊಲದಲ್ಲಿ ಒಬ್ಬಳು, ಕಾರ್ಖಾನೆಯಲ್ಲಿ ಇನ್ನೊಬ್ಬಳು.

ಅಳಿಯನ ಪೊಟ್ಟಣದ ರೇಯಾನ್ ಯಾವ ದೇಶದ ಮರದ್ದೋ ಏನೋ. ನಮ್ಮ ರಾಜ್ಯದಲ್ಲಿ ಮಾತ್ರ ರೇಯಾನಿನ ತಿರುಳಿಗಾಗಿ ನಡೆದ ಗಲಾಟೆ ಸಣ್ಣದಲ್ಲ. ತಿರುಳಿಗೆ ನೀಲಗಿರಿ ಮರ ಬೇಕು, ಮರಕ್ಕೆ ಜಾಗ ಬೇಕು. 1984ರಲ್ಲಿ ಸರಕಾರ ಮತ್ತು ಇದೇ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆ ಕಟ್ಟಿದವು, ಊರವರು ದನ ಮೇಯಿಸುವ, ಸೌದೆ ತರುವ ಜಾಗ ಸುಮಾರು 30,000 ಹೆಕ್ಟೇರ್ ನೀಲಗಿರಿಗೆ ಹೋಗುವುದೆಂದಾಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಎದ್ದು ನಿಂತರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ನಮ್ಮ ಕೋಟ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಎಂದೇ ಆ ಸತ್ಯಾಗ್ರಹಕ್ಕೆ ಹೆಸರು. 1991ರಲ್ಲಿ ಆ ಜಂಟಿ ಸಂಸ್ಥೆ ಬಾಗಿಲು ಹಾಕಿತು. ರೇಯಾನೋ ಹತ್ತಿಯೋ ಎಂದು ಕೇಳುವುದಾದರೆ ಹೀಗೆ ಕೇಳಬೇಕು ಎಂದು ನನಗೆ ಅನಿಸುವುದು. ಅಳಿಯನಿಗೆ ಇದನ್ನು ಹೇಳಿದೆ. “ಅದೆಲ್ಲ ಸರಿ ಮಾವ, ರುಚಿ?” ಎಂದ.

ರುಚಿಗೇ ಬರುವ. ಬತ್ತಿ ನೆನೆದಿರುವ ತನಕ ಎರಡೂ ಸಾಧು. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿಗೆ ಕುದಿಯುತ್ತದೆ, ಗ್ಲಿಸರಿನ್ 290ಕ್ಕೆ. ದ್ರವ ಮುಗಿದು ತಂತಿ ಮಾತ್ರ ಕಾಯುತ್ತಿದ್ದರೆ ಹತ್ತಿಯೂ ಕಂದುತ್ತದೆ, ರೇಯಾನೂ ಕಂದುತ್ತದೆ. ಬೇಗ ಹೀರುವುದರಲ್ಲಿ ರೇಯಾನ್ ಒಂದು ಕೈ ಮೇಲು, ಅರೆಬರೆ ಕೆಲಸಗಾರನ ತಪ್ಪನ್ನು ಸಹಿಸಿಕೊಳ್ಳುವುದರಲ್ಲಿ ಹತ್ತಿ ಮೇಲು. ಅಳಿಯ ದುಬೈಯಲ್ಲಿ ಕೂತು ಚಿಮಟದಲ್ಲಿ ಎಳೆ ಎಳೆಯಾಗಿ ತುಂಬಿಸುವವನು, ಅವನಿಗೆ ರೇಯಾನ್ ಇರಲಿ. ಆದರೆ ಈ ಊರಿನ ಕಾಲೇಜು ಹುಡುಗರ ಜೇಬಿನಲ್ಲಿ ಕದ್ದುಮುಚ್ಚಿ ಓಡಾಡುವುದು ಎಳೆದು ಬಿಸಾಡುವ ಜಾತಿ. ಅದರ ಬತ್ತಿ ಬದಲಿಸಲು ಬರುವುದೇ ಇಲ್ಲ. ಒಳಗೆ ಹತ್ತಿ ಉಂಟೋ, ಸ್ಪಂಜು ಉಂಟೋ, ಹಾಸಿಗೆ ಗುಡಿಸಿದ ಕಸ ಉಂಟೋ, ಕೇಳಿದವನೂ ಇಲ್ಲ, ಹೇಳುವವನೂ ಇಲ್ಲ. ಈ ವಿಷಯದಲ್ಲಿ ನಮ್ಮ ಬೀಡಿಯೇ ಪ್ರಾಮಾಣಿಕ. ಎಲೆ, ಹೊಗೆಸೊಪ್ಪು, ಒಂದು ದಾರ, ಬಿಚ್ಚಿದರೆ ಎಲ್ಲ ಕಣ್ಣಿಗೆ ಕಾಣುತ್ತದೆ. ಹಾಗೆಂದು ಬೀಡಿ ಸೇದಿ ಎಂದು ನಾನು ಹೇಳಿದೆ ಎಂದು ಮನೆಯಲ್ಲಿ ಹೇಳಬೇಡಿ.

2019ರ ಕಾನೂನಿಗೆ ಬತ್ತಿಯ ಮೇಲೆ ಯಾವ ಪಕ್ಷಪಾತವೂ ಇಲ್ಲ. ಒಂದು ವಸ್ತುವನ್ನು ವಿದ್ಯುತ್ತಿನಿಂದ ಕಾಯಿಸಿ ಎಳೆದುಕೊಳ್ಳುವ ಸಾಧನವೇ, ಅಷ್ಟು ಸಾಕು. ನಿಕೊಟಿನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತಯಾರಿಸಿದರೆ, ತರಿಸಿದರೆ, ಮಾರಿದರೆ, ಜಾಹೀರಾತು ಕೊಟ್ಟರೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ, ದಂಡ 5 ಲಕ್ಷದವರೆಗೆ. ದಾಸ್ತಾನು ಇಟ್ಟುಕೊಂಡವನಿಗೆ ಆರು ತಿಂಗಳವರೆಗೆ ಅಥವಾ 50,000 ರೂಪಾಯಿವರೆಗೆ ಅಥವಾ ಎರಡೂ. “ಸ್ವಾಮೀ, ಇದು ಜಪಾನಿನ ಸಾವಯವ ಹತ್ತಿ” ಎಂದು ಠಾಣೆಯಲ್ಲಿ ಹೇಳಿದರೆ ರಿಯಾಯಿತಿ ಸಿಗುವ ಕಲಂ ಅದರಲ್ಲಿ ಇಲ್ಲ.

ಆದ್ದರಿಂದ ಓದುಗರಲ್ಲಿ ನನ್ನದೊಂದೇ ವಿನಂತಿ. ಬತ್ತಿ ಬೇಕಾದವರು ರಥಬೀದಿಗೆ ಹೋಗಿ, ಪೂಜಾ ಸಾಮಾನಿನ ಅಂಗಡಿಯಲ್ಲಿ ಹೂಬತ್ತಿ, ಉದ್ದಬತ್ತಿ ಎರಡೂ ಸಿಗುತ್ತವೆ, ಬಿಲ್ಲು ಕೇಳಿದರೆ ಬರೆದು ಕೊಡುತ್ತಾರೆ. ಇನ್ನೊಂದು ಬಗೆಯ ಬತ್ತಿ ಮಾರುವವನ ಹತ್ತಿರವೂ ಒಮ್ಮೆ ಬಿಲ್ಲು ಕೇಳಿ ನೋಡಿ.