ಜಯನಗರದ ಚಿತ್ರಗುಪ್ತರು

ಯಮನ ಆಫೀಸಿನ ಚಿತ್ರಗುಪ್ತ ಲೋಕ ಬಿಟ್ಟು ಹೋಗುವವರ ಲೆಕ್ಕ ಬರೆಯುತ್ತಾನೆ. ನಮ್ಮ ಬಡಾವಣೆಯ ಚಿತ್ರಗುಪ್ತರು ಮನೆ ಬಿಟ್ಟು ಹೋಗಬೇಕಾದ ಸಾಮಾನುಗಳ ಚಿತ್ರ ಬರೆಯುತ್ತಾರೆ. ಅವನು ಬರೆದ ಮೇಲೆ ಯಾರೂ ಉಳಿಯುವುದಿಲ್ಲ, ಇವರು ಬರೆದ ಮೇಲೆ ಯಾವುದೂ ಹೋಗುವುದಿಲ್ಲ.

ಈ ಜಾತಿಯವರನ್ನು ನೀವೂ ನೋಡಿರುತ್ತೀರಿ. ಬ್ಯಾಂಕಿನಲ್ಲಿ ಜೀವಮಾನವಿಡೀ ಕೂಡಿ ಕಳೆದು ನಿವೃತ್ತರಾದವರು. 40×60ರ ಸೈಟಿನಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆ, ಮುಂದೊಂದು ಸಂಪಿಗೆ, ಹಿಂದೊಂದು ತೆಂಗು, ಒಳಗೆ ಇಬ್ಬರೇ. ಮಗ ಡಲ್ಲಾಸಿನಲ್ಲಿ, ಮಗಳು ಪುಣೆಯಲ್ಲಿ. ಮಂಡಿನೋವಿಗೂ ಮಹಡಿ ಮೆಟ್ಟಿಲಿಗೂ ಜಗಳ ಹತ್ತಿ, ಮಕ್ಕಳು ಪಂಚಾಯಿತಿ ನಡೆಸಿ, ಕನಕಪುರ ರಸ್ತೆಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು ತೀರ್ಮಾನವಾಗುತ್ತದೆ. ಅಲ್ಲಿಯವರೆಗೆ ಇದು ಎಲ್ಲರ ಮನೆಯ ಕಥೆಯೇ. ಚಿತ್ರಗುಪ್ತರಾಗಲು ಇನ್ನೊಂದು ಅರ್ಹತೆ ಬೇಕು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಗ್ರೇಡ್ ಪಾಸಾಗಿರಬೇಕು, ಹೈಯರ್ ಕಟ್ಟುವಷ್ಟರಲ್ಲಿ ಅಪ್ಪ ಕಾಮರ್ಸಿಗೆ ಸೇರಿಸಿಬಿಟ್ಟರೆಂಬ ಕೊರಗು ಎದೆಯಲ್ಲಿ ಹಸಿಯಾಗಿರಬೇಕು.

ಆ ವರ್ಷ ಪಂಚಾಂಗವೂ ಕೊರೊನಾವೂ ಮಾತಾಡಿಕೊಂಡ ಹಾಗಿದ್ದವು. 2020ರ ಮಾರ್ಚ್ 25, ಯುಗಾದಿ ದಿನ ಹೊಸ ಮನೆಯಲ್ಲಿ ಹಾಲುಕ್ಕಿಸುವುದೆಂದು ಗೊತ್ತಾಗಿತ್ತು. ಅದೇ ದಿನ ಇಡೀ ದೇಶಕ್ಕೆ ಬೀಗ ಬಿತ್ತು. ಬೀಗ ಸಡಿಲವಾಗುವಷ್ಟರಲ್ಲಿ ಆಷಾಢ. ಆಷಾಢ ಕಳೆಯುವ ಮೊದಲೇ, ಜುಲೈ 14ರಿಂದ, ಬೆಂಗಳೂರಿಗೆ ಇನ್ನೊಂದು ಬೀಗ. ಶ್ರಾವಣಕ್ಕೆ ಹೋಗೋಣವೆಂದರೆ ಫ್ಲ್ಯಾಟಿನ ಕಟ್ಟಡವೇ ಸೀಲ್‌ಡೌನ್. ಭಾದ್ರಪದದಲ್ಲಿ ಪಿತೃಪಕ್ಷ, ಅದರ ಬೆನ್ನಿಗೇ ಅಧಿಕ ಆಶ್ವಯುಜ. ನಿಜ ಆಶ್ವಯುಜದಲ್ಲಿ ಬೊಂಬೆ ಕೂರಿಸುವುದು ಕೊನೆಯ ಸಲ ಹಳೇ ಮನೆಯಲ್ಲೇ ಆಗಲಿ ಎಂದು ಶ್ರೀಮತಿಯವರ ಆಸೆ. ಹೀಗೆ ಮುಹೂರ್ತ ಕಾರ್ತೀಕಕ್ಕೆ ಜಾರಿತು. ಸಾಮಾನು ಕರಗಿಸಬೇಕಿದ್ದ ಹೆಂಡತಿಗೆ ಅಷ್ಟು ತಿಂಗಳು ದೇವರು ಕೊಟ್ಟ ವಾಯಿದೆ. ಲೋಯರ್ ಗ್ರೇಡ್ ಗಂಡನಿಗೂ ಅದೇ ದೇವರು.

ಲಾಕ್‌ಡೌನಿನಲ್ಲಿ ಜನ ಏನೇನೋ ಆದರು. ಕೆಲವರು ಡಾಲ್ಗೋನಾ ಕಾಫಿ ಗೊಟಾಯಿಸಿ ರಟ್ಟೆ ನೋಯಿಸಿಕೊಂಡರು, ಕೆಲವರು ದೂರದರ್ಶನದಲ್ಲಿ ಮತ್ತೆ ಬಂದ ರಾಮಾಯಣದ ಮುಂದೆ ಕೈಮುಗಿದು ಕೂತರು. ಚಿತ್ರಗುಪ್ತರು ಅಟ್ಟದಿಂದ ಇಳಿದ ಖಾಲಿ ಲೆಡ್ಜರುಗಳನ್ನು ಮುಂದಿಟ್ಟುಕೊಂಡು ಎರಡು ನಿಯಮ ಘೋಷಿಸಿದರು. ಒಂದು, ದಿನಕ್ಕೊಂದೇ ಚಿತ್ರ, ಆದರೆ ತಪ್ಪುವ ಹಾಗಿಲ್ಲ. ಎರಡು, ಮನೆಯಿಂದ ಹೊರಹೋಗುವ ಪ್ರತಿ ವಸ್ತುವೂ ಚಿತ್ರ ಬರೆಸಿಕೊಂಡೇ ಹೋಗಬೇಕು. ಚಿತ್ರದ ಕೆಳಗೆ ಕ್ರಮಸಂಖ್ಯೆ, ತಾರೀಖು, ಕಿರುಸಹಿ. ದಿನಕ್ಕೊಂದರಂತೆ ಆ ಅಟ್ಟ ಖಾಲಿಯಾಗಲು ಎಷ್ಟು ವರ್ಷ ಬೇಕೆಂಬುದು ಚಕ್ರಬಡ್ಡಿ ಬಲ್ಲವರಿಗೆ ಹೊಳೆಯದ ವಿಷಯವಲ್ಲ. ಹೊಳೆದೇ ಈ ನಿಯಮ ಮಾಡಿದ್ದಾರೆಂದು ಶ್ರೀಮತಿಯವರ ಗುಮಾನಿ.

ಆಕೆ ಹಾಲ್‌ನಲ್ಲಿ ಮೂರು ರಾಶಿ ಮಾಡಿದ್ದರು: ‘ಬೇಕು’, ‘ಬೇಡ’, ‘ಇವರು ಬರೆಯಬೇಕು’. ವಾರದೊಳಗೆ ಮೂರನೆಯದು ಉಳಿದೆರಡನ್ನೂ ನುಂಗಿತು. ಶಾವಿಗೆ ಒರಳು, ಕುಕ್ಕರ್ ಇಲ್ಲದ ಕುಕ್ಕರ್ ಹಿಡಿ, ಮುಚ್ಚಳ ಕಳಕೊಂಡ ಕೂಜ, ಸುಧಾ ತರಂಗಗಳ ಕಟ್ಟು, ಕಾಲು ಸೇರು, ಅರೆಪಾವು, ಎಲ್ಲವೂ ಸರದಿ ಕಾಯುತ್ತ ಕೂತವು. ನಾಲ್ಕೂ ಹತ್ತಕ್ಕೆ ನಿಂತು ದಶಕಗಳಾದ ಎಚ್‌ಎಂಟಿ ಕೈಗಡಿಯಾರಕ್ಕೆ ಮಾತ್ರ ತಕ್ಷಣ ಕರೆ ಬಂತು. “ಇದಕ್ಕಿಂತ ಒಳ್ಳೇ ಮಾಡೆಲ್ ಸಿಗಲ್ಲ ಕಣೇ, ಮುಳ್ಳು ಅಲ್ಲಾಡೋದೇ ಇಲ್ಲ!” ಹಳೇ ಕನ್ನಡಕ ಕಷ್ಟ ಕೊಟ್ಟಿತು: ಹಾಕಿಕೊಂಡರೆ ಬರೆಯುವಂತಿಲ್ಲ, ತೆಗೆದಿಟ್ಟರೆ ಕಾಣಿಸುವುದಿಲ್ಲ. ಬಚ್ಚಲಿನ ತಾಮ್ರದ ಹಂಡೆಗೆ ಎರಡು ದಿನ ಹಿಡಿಯಿತು. ಎಷ್ಟು ತಿದ್ದಿದರೂ ಅದರ ಬಾಯಿ ಕಾವಲಿ ಬಿಟ್ಟೇಳದ ಮೊದಲ ದೋಸೆಯ ಆಕಾರಕ್ಕೇ ಮರಳುತ್ತಿತ್ತು.

ಚಿತ್ರಗುಪ್ತರ ಬತ್ತಳಿಕೆಯಲ್ಲಿ ಮಹಾಪುರುಷರಿಗೆ ಕೊರತೆಯಿಲ್ಲ. “ಇಂಗ್ಲೆಂಡಿನ ಡೇವಿಡ್ ಹಾಕ್ನಿಗೆ ಎಂಬತ್ತೆರಡು ವರ್ಷ. ಈ ಲಾಕ್‌ಡೌನ್‌ನಲ್ಲೂ ಫ್ರಾನ್ಸಿನ ನಾರ್ಮಂಡಿಯಲ್ಲಿ ಕೂತು ಐಪ್ಯಾಡ್ ಮೇಲೆ ಗಿಡ ಮರ ಬರೀತಾನೇ ಇದ್ದಾನೆ,” ಎಂದರು ಒಂದು ಬೆಳಿಗ್ಗೆ.

“ಅವರ ಮನೇಲಿ ಪ್ಯಾಕಿಂಗ್ ಯಾರು ಮಾಡ್ತಿದ್ದಾರಂತೆ?” ಅಡುಗೆಮನೆಯಿಂದ ಧ್ವನಿ.

“ಇಟಲಿಯ ಮೊರಾಂಡಿ ಬೊಲೋನ್ಯಾದ ಮನೇಲಿ ಕೂತು ಜೀವನಪೂರ್ತಿ ಅವೇ ಬಾಟ್ಲಿಗಳನ್ನ ಬರೆದ, ಗೊತ್ತಾ?”

“ಹಾಗಿದ್ರೆ ನೀವೂ ನಾಕು ಬಾಟ್ಲಿ ಇಟ್ಕೊಳ್ಳಿ, ಉಳಿದದ್ದು ಗುಜರಿಗೆ ಹಾಕ್ತೀನಿ.”

“ಅವರೆಲ್ಲ ಬೇಡ, ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ತಗೋ. ಕಾಗೆಗಳನ್ನ ಎಷ್ಟು ಪ್ರೀತಿಯಿಂದ ಬರೆದರು!”

“ಬರೆದಾದ ಮೇಲೆ ಕಾಗೆ ಹಾರಿಹೋಗ್ತಿತ್ತು, ರೀ. ಈ ರುಬ್ಬೋ ಕಲ್ಲು ಹಾರುತ್ತಾ?”

ಗುಜರಿಯವನ ಗಾಡಿ ಆ ದಿನಗಳಲ್ಲಿ ಬೀದಿಗೆ ಬರುತ್ತಿರಲಿಲ್ಲ ಎಂಬುದೊಂದೇ ಚಿತ್ರಗುಪ್ತರ ಮಾನ ಉಳಿಸಿದ್ದು.

ಬಣ್ಣದ ಅಂಗಡಿಗಳು ಅಗತ್ಯ ವಸ್ತುಗಳ ಪಟ್ಟಿಯಲ್ಲಿ ಇಲ್ಲದ್ದರಿಂದ ಅವರ ಕಣ್ಣು ಅಡುಗೆಮನೆಯತ್ತ ಹೊರಳಿತು. ತಾಮ್ರಕ್ಕೆ ಕಾಫಿ ಡಿಕಾಕ್ಷನ್, ಅದೂ ಮೊದಲನೆಯದೇ. ಎರಡನೇ ಡಿಕಾಕ್ಷನ್‌ನಲ್ಲಿ ‘ಡೆಪ್ತ್’ ಬರುವುದಿಲ್ಲವಂತೆ. ಡೆಪ್ತ್ ಇಲ್ಲದ ಆ ಕಾಫಿಯನ್ನು ಶ್ರೀಮತಿಯವರು ಕುಡಿಯಬೇಕಾಯಿತು. ಹಿತ್ತಾಳೆಗೆ ಅರಿಶಿನ. ಆ ಕಾಲದಲ್ಲಿ ಗಳಿಗೆಗೊಮ್ಮೆ ಕೈಗೆ ಸೋಪು. ಸರಿಯಾಗಿ ತೊಳೆಯದ ಬೆರಳು ತಗಲಿ, ಅರಿಶಿನದಲ್ಲಿ ಬರೆದ ಹಿತ್ತಾಳೆ ಕೊಳದಪ್ಪಲೆಯ ಹೊಟ್ಟೆ ಕೆಂಪಗಾಯಿತು. ಸುಣ್ಣ ಬೆರೆತ ಅರಿಶಿನ ಆರತಿ ತಟ್ಟೆಯಲ್ಲಿ ಕೆಂಪಾಗುವುದನ್ನು ಆಕೆ ಮದುವೆಯಾದಾಗಿನಿಂದ ನೋಡಿದವರು. ಸೋಪಿನ ಕ್ಷಾರಕ್ಕೂ ಅದೇ ಗುಣ. ಚಿತ್ರಗುಪ್ತರು ಧೃತಿಗೆಡಲಿಲ್ಲ. ಕೆಳಗಿದ್ದ ‘ಹಿತ್ತಾಳೆ’ ಎಂಬ ಮಾತು ಹೊಡೆದು ‘ತಾಮ್ರ’ ಎಂದು ಬರೆದು, ತಿದ್ದುಪಡಿಗೆ ಬ್ಯಾಂಕಿನ ಪದ್ಧತಿಯಂತೆ ಕಿರುಸಹಿ ಹಾಕಿದರು.

ಪ್ರತಿ ಚಿತ್ರವೂ ನೆಂಟರ ವಾಟ್ಸಾಪ್ ಗುಂಪಿಗೆ ಹೋಗುತ್ತಿತ್ತು. ಹೆಬ್ಬೆರಳುಗಳು ಬೀಳುವವರೆಗೆ ಅವರಿಗೆ ತಿಂಡಿ ಇಳಿಯದು. ಕೊಡುವ ಸಾಮಾನುಗಳಿಗೆ ಗಿರಾಕಿಯೂ ಸಿಗಲಿ ಎಂದು ಶ್ರೀಮತಿಯವರು ಕೆಳಗೆ ‘ಬೇಕಾದವರು ತಿಳಿಸಿ’ ಎಂದು ಸೇರಿಸಿದರು. ಸಾಗರದ ಸೋದರ ಸೊಸೆ ಹಂಡೆ ಕೇಳಿದಳು. ವಿಡಿಯೋ ಕಾಲ್‌ನಲ್ಲಿ ಅಸಲಿ ಹಂಡೆ ತೋರಿಸಿದಾಗ, “ಇದಲ್ಲ ಮಾಮ, ನೀವು ಹಾಕಿದ್ರಲ್ಲ, ಆ ಹಂಡೆ,” ಎಂದಳು. ಚಿತ್ರಗುಪ್ತರ ಕಲಾಜೀವನದಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಬಂದಿಲ್ಲ. ಹಂಡೆ ಮಾತ್ರ ಬಚ್ಚಲಲ್ಲೇ ಉಳಿಯಿತು.

“ಅಪ್ಪಾ, ಮೊಬೈಲಲ್ಲಿ ಫೋಟೋ ತೆಗೆದು ಕೊಟ್ಟುಬಿಡಿ. ಒಂದು ಮಧ್ಯಾಹ್ನದ ಕೆಲಸ,” ಎಂದ ಡಲ್ಲಾಸಿನ ಮಗ. ಮಧ್ಯಾಹ್ನದ ಕೆಲಸವೆಂಬುದೇ ಅದರ ಮುಖ್ಯ ದೋಷವೆಂದು ಅವನಿಗೆ ಹೇಗೆ ತಿಳಿಯಬೇಕು? ನಲವತ್ತು ವರ್ಷ ಕಣ್ಣೆತ್ತಿ ನೋಡದ ಸೇರನ್ನು ನಲವತ್ತು ನಿಮಿಷ ದಿಟ್ಟಿಸಿದರೆ ಅದರ ಕಂಠದ ನಗ್ಗು ಕಾಣುತ್ತದೆ, ನಗ್ಗು ಕಂಡರೆ ಅದನ್ನು ಎತ್ತಿ ಹಾಕಿದವರು ಯಾರೆಂದು ನೆನಪಾಗುತ್ತದೆ, ನೆನಪಾದ ಮೇಲೆ ಗುಜರಿಯವನ ತಕ್ಕಡಿಗೆ ಅದನ್ನು ಇಡುವ ಕೈ ಯಾವುದು? ಬರೆದು ಬೀಳ್ಕೊಡಲು ಹೊರಟವರು ಬರೆದು ಬರೆದು ನೆಂಟಸ್ತಿಕೆ ಬೆಳೆಸುತ್ತಿದ್ದರು.

ಒಂದು ದಿನ ಈಳಿಗೆಮಣೆಯ ಸರದಿ. “ಇದೇನೇ, ಮಣೆ ಒಂದೇ ಕಡೆ ಇಷ್ಟು ಸವೆದಿದೆ?” ಎಂದರು, ಪೆನ್ಸಿಲ್ ಎತ್ತಿ.

“ಬಲಗಾಲು ಊರಿ ಹೆಚ್ತಿದ್ದೆನಲ್ಲ, ಅದಕ್ಕೆ. ಮೂವತ್ತು ವರ್ಷ ಆ ಮಣೆ ಹೆಚ್ಚಿದ ಹುರುಳಿಕಾಯಿ ತಿಂದವರು, ಈಗ ನೋಡಿದಿರಾ?”

ಚಿತ್ರಗುಪ್ತರು ಉತ್ತರ ಕೊಡದೆ ಆ ಸವೆತಕ್ಕೆ ಇನ್ನೊಂದಿಷ್ಟು ನೆರಳು ಹಾಕಿದರು. ಶ್ರೀಮತಿಯವರು ಬಂದು, ಬಗ್ಗಿ ನೋಡಿ, “ಪರವಾಗಿಲ್ಲ, ಇದು ಈಳಿಗೆಮಣೆ ಥರಾನೇ ಇದೆ,” ಎಂದು, ಮಣೆಯನ್ನು ಎತ್ತಿ ತಾವೇ ‘ಬೇಕು’ ರಾಶಿಯಲ್ಲಿಟ್ಟರು. ಆ ಕಾಲದಲ್ಲಿ ಎಲ್ಲ ರೋಗಗಳೂ ಅಂಟುರೋಗಗಳೇ.

ಆದರೂ ಆಕೆ ಕೈಕಟ್ಟಿ ಕೂರಲಿಲ್ಲ. ಅನ್‌ಲಾಕ್ ಆಗಿ ಗುಜರಿ ಗಾಡಿಯ ಕೂಗು ಕೇಳಿದ ದಿನದಿಂದ, ಗಂಡ ವೆರಾಂಡದಲ್ಲಿ ಒಂದು ವಸ್ತುವಿನ ನೆರಳಿನೊಡನೆ ಹೋರಾಡುತ್ತಿರುವಾಗ ಹಿಂದಿನ ಬಾಗಿಲಿಂದ ನಾಲ್ಕು ವಸ್ತು ದಾಟಿಸಿದರು. ರುಬ್ಬುವ ಕಲ್ಲು ಹೂವಿನವಳ ಮನೆ ಸೇರಿತು. ಚಿತ್ರಗುಪ್ತರು ಎಲ್ಲಿ ಎಂದು ಕೇಳಿದರೆ, “ಆಗಲೇ ಬರೆದಿರಲ್ಲ, ಮರೆತಿರಾ?” ಎನ್ನುವುದು. ಅವರು ಲೆಡ್ಜರು ತಿರುವಿ ಹುಡುಕುವಷ್ಟರಲ್ಲಿ ಇನ್ನೆರಡು ವಸ್ತು ಗೇಟು ದಾಟುತ್ತಿದ್ದವು. ಹೀಗೆ ಒಬ್ಬರ ಕಲೆ ವೆರಾಂಡದಲ್ಲಿ, ಇನ್ನೊಬ್ಬರದು ಹಿತ್ತಲಲ್ಲಿ, ಎರಡೂ ದಿನಚರಿ ತಪ್ಪದೆ ನಡೆದು ಕಾರ್ತೀಕದಲ್ಲಿ ಲಾರಿ ಹೊರಟಿತು.

ಫ್ಲ್ಯಾಟಿನಲ್ಲಿ ಎಲ್ಲಕ್ಕೂ ಜಾಗವಾಯಿತು, ಲೆಡ್ಜರುಗಳಿಗೆ ಬಿಟ್ಟು. ಒಂದರ ಮೇಲೊಂದಾಗಿ ಹನ್ನೊಂದು, ಒಂದೊಂದೂ ಪಂಚಾಂಗದ ನಾಲ್ಕರಷ್ಟು ದಪ್ಪ. ಬೀರುವಿನಲ್ಲಿ ಹಿಡಿಯಲಿಲ್ಲ, ಮಂಚದಡಿ ಹೋಗಲಿಲ್ಲ, ದೇವರ ಗೂಡಿನ ಕೆಳಗೆ ಇಡಲು ಶ್ರೀಮತಿಯವರು ಒಪ್ಪಲಿಲ್ಲ.

“ಒಂದು ಕೆಲಸ ಮಾಡಿ,” ಎಂದರು ಆಕೆ ಸೊಂಟದ ಮೇಲೆ ಕೈಯಿಟ್ಟು. “ಈ ಹನ್ನೊಂದನ್ನೂ ಜೋಡಿಸಿಟ್ಟು ಒಂದು ಚಿತ್ರ ಬರೆದುಬಿಡಿ. ಆಮೇಲೆ ಗುಜರಿಗೆ ಕೊಡೋಣ.”

ಚಿತ್ರಗುಪ್ತರು ಲೆಡ್ಜರುಗಳನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ಕಣ್ಣು ಕಿರಿದು ಮಾಡಿ ನೋಡಿ, ಪೆನ್ಸಿಲ್ ಕೆತ್ತಲು ಶುರುಮಾಡಿದರು. “ಸರಿಯಾಗಿ ಹೇಳಿದೆ. ಆದರೆ ಒಂದೇ ಚಿತ್ರದಲ್ಲಿ ಆಗಲ್ಲ ಕಣೇ. ಹನ್ನೆರಡನೇ ಲೆಡ್ಜರ್ ಬೇಕಾಗುತ್ತೆ.”